ಕಂಪನಿ ಫೋನ್‌ಗಳಿಗೆ ಪಿಂಗ್ 200 ದಾಟುತ್ತಿದೆ, ಎಪಿ (ವೈಫೈ ಹಂಚುವ ಪೆಟ್ಟಿಗೆ) ಬದಲಿಸಬೇಕಾ?

ಪ್ರಶ್ನೆ: ಗೋದಾಮಿನಲ್ಲಿ 120 ಆಂಡ್ರಾಯ್ಡ್ ಫೋನ್ ಇವೆ, ಎಲ್ಲವೂ ಎಂಡಿಎಂ (ಫೋನ್‌ಗಳನ್ನು ದೂರದಿಂದ ನಿರ್ವಹಿಸುವ ವ್ಯವಸ್ಥೆ) ಅಡಿಯಲ್ಲಿ. ಬಾರ್‌ಕೋಡ್ ಆ್ಯಪ್ ಆಗಾಗ ತಡವರಿಸುತ್ತೆ ಅಂತ ದೂರು. ಸರ್ವರ್‌ನಿಂದ ಪ್ರತಿ ಫೋನಿಗೂ ಸೆಕೆಂಡಿಗೊಂದು ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವ ಪುಟ್ಟ ಸಂದೇಶ) ಹಾಕಿ ನೋಡಿದರೆ 3, 180, 90, 210 ಮಿಲಿಸೆಕೆಂಡ್ ಅಂತ ಕುಣಿಯುತ್ತೆ. ಅದೇ ಎಪಿಯ ಲ್ಯಾಪ್‌ಟಾಪ್‌ಗೆ ಬರೀ 4. ಎಪಿ ಹಳತಾಯಿತಾ? ನಿಗಾ ವ್ಯವಸ್ಥೆ ಸರಿಯಾಗಿ ಹೇಗೆ ಕೂರಿಸೋದು, ಬಲ್ಲವರು ತಿಳಿಸಿ.

ಉತ್ತರ 1: ಎಪಿಗೆ ಸದ್ಯ ಕೈ ಹಚ್ಚಬೇಡಿ. ಆ ಅಂಕಿ ಫೋನಿನ ನಿದ್ದೆಯದು. ಬ್ಯಾಟರಿ ಉಳಿಸಲು ಫೋನಿನ ರೇಡಿಯೊ ಮಲಗಿರುತ್ತೆ, ಆಗ ಬಂದ ಪ್ಯಾಕೆಟ್ಟನ್ನು ಎಪಿ ತನ್ನ ಬಳಿಯೇ ಹಿಡಿದಿಟ್ಟುಕೊಂಡು ಮುಂದಿನ ಬೀಕನ್‌ನಲ್ಲಿ (ಎಪಿ ನಿಯಮಿತವಾಗಿ ಹೊರಡಿಸುವ ಸಂಕೇತ) ಸುದ್ದಿ ಮುಟ್ಟಿಸುತ್ತೆ. ಬೀಕನ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ. ಫೋನ್ ಒಂದು ಬೀಕನ್ ಬಿಟ್ಟು ಎದ್ದರೆ ನಿಮ್ಮ 210 ಬಂತು. ಖಾತ್ರಿ ಬೇಕಿದ್ದರೆ ಪಿಂಗ್ ಅಂತರ 0.2 ಸೆಕೆಂಡಿಗೆ ಇಳಿಸಿ. ಮಲಗಲು ಬಿಡುವೇ ಸಿಗದೆ ಅಂಕಿ ಸರ್ರನೆ ಕೆಳಗಿಳಿಯುತ್ತೆ.

ಆದ್ದರಿಂದ ಅಳತೆ ಫೋನಿನಿಂದ ಹೊರಕ್ಕೆ ಹೋಗಲಿ. ಎಂಡಿಎಂ ಮೂಲಕ ತಳ್ಳಿದ ಆ್ಯಪ್ ಪ್ರತಿ ಸುತ್ತಿನಲ್ಲೂ ಮೂರು ಕಡೆ ಅಳೆಯಲಿ: ಗೇಟ್‌ವೇ (ನಿಮ್ಮ ಜಾಲದಿಂದ ಹೊರಗೆ ದಾರಿ ಕೊಡುವ ರೂಟರ್), ಬಾರ್‌ಕೋಡ್ ಸರ್ವರ್, ಹೊರಗಿನ ಒಂದು ವಿಳಾಸ. ಒಂದೊಂದಕ್ಕೂ ಹತ್ತು ಸಲ, ಮೊದಲನೆಯದನ್ನು ಲೆಕ್ಕದಿಂದ ಬಿಡಿ. ಮೂರೂ ನಿಧಾನವಾದರೆ ತೊಂದರೆ ಗಾಳಿಯಲ್ಲಿ, ಅಂದರೆ ವೈಫೈನಲ್ಲಿ. ಗೇಟ್‌ವೇ ಚೆನ್ನಾಗಿದ್ದು ಸರ್ವರ್ ಮಾತ್ರ ನಿಧಾನವಾದರೆ ಕೇಬಲ್, ಸ್ವಿಚ್, ವಿಪಿಎನ್ ಕಡೆ ನೋಡಿ. ಗೇಟ್‌ವೇ ಒಂದೇ ನಿಧಾನ, ಅದರಾಚೆಯದೆಲ್ಲ ಚುರುಕು ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಬಹಳಷ್ಟು ರೂಟರ್‌ಗಳು ಪಿಂಗ್‌ಗೆ ಉತ್ತರಿಸೋದನ್ನ ಕೊನೆಯ ಕೆಲಸವಾಗಿ ಇಟ್ಟುಕೊಂಡಿರುತ್ತವೆ. ಸರ್ವರ್‌ಗೆ ಪಿಂಗ್ ಬದಲು ಆ್ಯಪ್ ಬಳಸುವ ಪೋರ್ಟ್‌ಗೇ (ಸರ್ವರ್‌ನ ಬಾಗಿಲ ಸಂಖ್ಯೆ ಇದ್ದಂತೆ), ಉದಾಹರಣೆಗೆ 443ಕ್ಕೆ, ಟಿಸಿಪಿ ಸಂಪರ್ಕ ಆಗಲು ಹಿಡಿದ ಸಮಯ ಅಳೆಯಿರಿ.

ಪ್ರತಿ ಅಳತೆಯ ಜೊತೆ ಬಿಎಸ್‌ಎಸ್‌ಐಡಿ (ಎಪಿಯ ರೇಡಿಯೊದ ಸ್ವಂತ ಗುರುತು ಸಂಖ್ಯೆ), ಚಾನೆಲ್, ಸಿಗ್ನಲ್ ದಾಖಲಾಗಬೇಕು. ವೈಫೈ ಹೆಸರು ಎಲ್ಲ ಎಪಿಗಳಿಗೂ ಒಂದೇ, ಅದರಿಂದ ಏನೂ ತಿಳಿಯಲ್ಲ. ಆ್ಯಪ್‌ಗೆ ನಿಖರ ಲೊಕೇಶನ್ ಅನುಮತಿ ಕೊಟ್ಟು ಫೋನಿನ ಲೊಕೇಶನ್ನೂ ಆನ್ ಇಡಿ, ಇಲ್ಲದಿದ್ದರೆ ಆಂಡ್ರಾಯ್ಡ್ ಬಿಎಸ್‌ಎಸ್‌ಐಡಿ ಕೊಡಲ್ಲ. ಅದರ ಬದಲು ಕೋಷ್ಟಕದ ತುಂಬ 02:00:00:00:00:00 ಅಂತಲೇ ಬಂದರೆ ಮೊದಲು ಈ ಅನುಮತಿ ನೋಡಿ, ಕೋಡ್ ಕೆದಕಬೇಡಿ. ಲೊಕೇಶನ್ ವಿಷಯ ಸಿಬ್ಬಂದಿಗೆ ಮೊದಲೇ ಹೇಳಿಬಿಡೋದು ಒಳ್ಳೇದು.

ಆಗಾಗ ವೈಫೈ ಸ್ಕ್ಯಾನ್ (ಸುತ್ತಲಿನ ಎಪಿಗಳ ಹುಡುಕಾಟ) ಮಾಡಿಸುವ ಆಸೆ ಬಿಡಿ. ಹಿನ್ನೆಲೆಯ ಆ್ಯಪ್‌ಗಳಿಗೆಲ್ಲ ಸೇರಿ ಆಂಡ್ರಾಯ್ಡ್ 9ರಿಂದ ಅರ್ಧ ಗಂಟೆಗೆ ಒಂದೇ ಸ್ಕ್ಯಾನ್. ಈಗಿರುವ ಸಂಪರ್ಕದ ಸಿಗ್ನಲ್ ಓದಲು ಸ್ಕ್ಯಾನ್ ಬೇಕಿಲ್ಲ. ವರ್ಕ್‌ಮ್ಯಾನೇಜರ್‌ನಲ್ಲಿ (ಹಿನ್ನೆಲೆ ಕೆಲಸವನ್ನು ಆಗಾಗ ಓಡಿಸುವ ಆಂಡ್ರಾಯ್ಡ್ ಸೌಲಭ್ಯ) ಕನಿಷ್ಠ ಅಂತರ 15 ನಿಮಿಷ, ಡೋಜ್ (ಬಳಸದ ಫೋನಿನ ಗಾಢ ನಿದ್ದೆ) ಬಂದರೆ ಅದೂ ಮುಂದಕ್ಕೆ ಹೋಗುತ್ತೆ, ಹಾಗಾಗಿ ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಆ್ಯಪ್‌ಗೆ ವಿನಾಯಿತಿ ಕೊಡಿ.

ಪ್ರಶ್ನೆ: ಎಚ್ಚರಿಕೆ ಯಾವ ಅಂಕಿಗೆ ಇಡಲಿ? ಸರಾಸರಿ 100 ದಾಟಿದಾಗ ಸಾಕಾ?

ಉತ್ತರ 2: ಸರಾಸರಿ ಬೇಡ. 20 ಅಳತೆಯಲ್ಲಿ 18 ಸಲ 5, ಎರಡು ಸಲ 900 ಬಂದರೆ ಸರಾಸರಿ 94.5. ನಿಮ್ಮ ಎಚ್ಚರಿಕೆ ಕೂಗೋದೇ ಇಲ್ಲ, ಆದರೆ ಕೈಯಲ್ಲಿ ಫೋನ್ ಹಿಡಿದವನಿಗೆ ಎರಡು ಸಲ ಪರದೆ ನಿಂತಿರುತ್ತೆ. 95ನೇ ಪರ್ಸೆಂಟೈಲ್ (ನೂರರಲ್ಲಿ 95 ಅಳತೆ ಇದರೊಳಗೇ ಬರುವ ಅಂಕಿ) ಹಿಡಿಯಿರಿ. ಸಿಗ್ನಲ್ -67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇದ್ದರೆ ಕರೆಗೂ ಸಾಕು, -75ಕ್ಕಿಂತ ಕೆಳಗೆ ಹೋದರೆ ಗುರುತು ಹಾಕಿ. ವೈಫೈ ಕರೆಯೂ ಇದ್ದರೆ ಪ್ಯಾಕೆಟ್ ನಷ್ಟ ಶೇ 1, ಜಿಟ್ಟರ್ (ವಿಳಂಬದ ಏರಿಳಿತ) 30 ಮಿಲಿಸೆಕೆಂಡ್ ಒಳಗಿರಲಿ. ಒಂದೇ ಬಿಎಸ್‌ಎಸ್‌ಐಡಿ ಮೇಲೆ ಹಲವು ಫೋನ್ ಒಟ್ಟಿಗೆ ಕೆಟ್ಟರೆ ಎಪಿ ನೋಡಿ. ಒಂದೇ ಫೋನ್ ಹೋದಲ್ಲೆಲ್ಲ ಕೆಟ್ಟರೆ ಆ ಫೋನನ್ನೇ ಬದಿಗಿಡಿ.

ಇನ್ನೊಂದು: ಆಂಡ್ರಾಯ್ಡ್ 10ರಿಂದ ಮ್ಯಾಕ್ ವಿಳಾಸ (ಫೋನಿನ ವೈಫೈ ಗುರುತು ಸಂಖ್ಯೆ) ಯಾದೃಚ್ಛಿಕ. ಕಂಟ್ರೋಲರ್ (ಎಪಿಗಳನ್ನು ನಿಯಂತ್ರಿಸುವ ಸಾಧನ) ಲಾಗ್ ಜೊತೆ ಹೊಂದಿಸಬೇಕಾದರೆ ಕಂಪನಿ ವೈಫೈಗೆ ಮಾತ್ರ ಅದನ್ನು ಆಫ್ ಮಾಡಿ.

ಪ್ರಶ್ನೆ: 0.2 ಇಟ್ಟೆ, 5-7ಕ್ಕೆ ಬಂತು! ಆದರೆ ಆ್ಯಪ್ ತಡವರಿಸೋದು ಜನ ಓಡಾಡುವಾಗ ಮಾತ್ರ.

ಉತ್ತರ 1: ಹಾಗಾದರೆ ರೋಮಿಂಗ್, ಅಂದರೆ ಫೋನ್ ಒಂದು ಎಪಿಯಿಂದ ಇನ್ನೊಂದಕ್ಕೆ ಜಿಗಿಯೋದು. 15 ನಿಮಿಷಕ್ಕೊಮ್ಮೆಯ ದಾಖಲೆಯಲ್ಲಿ ಇದು ಸಿಗಲ್ಲ. ಒಂದು ಫೋನಿನಲ್ಲಿ ಪರದೆ ಆನ್ ಇಟ್ಟು, ಸೆಕೆಂಡಿಗೊಮ್ಮೆ ಬಿಎಸ್‌ಎಸ್‌ಐಡಿ, ಸಿಗ್ನಲ್, ಟಿಸಿಪಿ ಸಮಯ ಬರೆಯುತ್ತ ರ‍್ಯಾಕ್‌ಗಳ ನಡುವೆ ನಡೆಯಿರಿ. ಮುಂದಿನ ಎಪಿಯ ಕೆಳಗೇ ನಿಂತರೂ ಹಳೆಯ ಬಿಎಸ್‌ಎಸ್‌ಐಡಿಗೆ -78ರಲ್ಲಿ ಅಂಟಿಕೊಂಡಿದ್ದರೆ ಎಪಿಗಳ ಪವರ್ ಜಾಸ್ತಿಯಾಗಿರಬಹುದು, ಇಳಿಸಿ ನೋಡಿ. ಬದಲಾಗುತ್ತಿದೆ, ಆದರೆ ಪ್ರತಿ ಸಲ ಅರ್ಧ ಸೆಕೆಂಡ್ ಮೌನ ಅಂದರೆ ರೇಡಿಯಸ್ ದೃಢೀಕರಣ (ಸರ್ವರ್ ಮೂಲಕ ಫೋನಿನ ಗುರುತು ಪರೀಕ್ಷೆ) ಹೊಸದಾಗಿ ನಡೆಯುತ್ತಿರಬಹುದು. ಆಗ 802.11ಆರ್ (ಎಪಿಯಿಂದ ಎಪಿಗೆ ಜಿಗಿಯೋದನ್ನು ಚುರುಕು ಮಾಡುವ ವೈಫೈ ಮಾನದಂಡ) ಬೇಕು. ಅದನ್ನು ಮೊದಲು ಬೇರೆ ಹೆಸರಿನ ವೈಫೈನಲ್ಲಿ ಐದಾರು ಫೋನಿಗೆ ಹಚ್ಚಿ ನೋಡಿ, ಕೆಲವು ಹಳೆಯ ಸಾಧನಗಳು 802.11ಆರ್ ಇದ್ದರೆ ಸೇರೋದೇ ಇಲ್ಲ.