ಪ್ರಶ್ನೋತ್ತರ: ಮನೆಗೆ ಬಿಸಿನೀರಿನ ವ್ಯವಸ್ಥೆ, ಯಾವ ಬ್ರ್ಯಾಂಡನ್ನು ನಂಬಬಹುದು?

ದುರಸ್ತಿಗಾರ: ನೀರು ಕಾಯಿಸುವ ಸಾಧನಗಳನ್ನು ಅಳವಡಿಸುವುದು ಮತ್ತು ಕೆಟ್ಟವನ್ನು ಬಿಚ್ಚಿ ನೋಡುವುದು ನನ್ನ ವೃತ್ತಿ. ನಿರ್ವಾಹಕರು ಕೇಳಿಕೊಂಡಿದ್ದರಿಂದ ಈ ಹೊತ್ತು ಇಲ್ಲಿ ಉತ್ತರಿಸುತ್ತೇನೆ. ಪ್ರಶ್ನೆಯ ಜೊತೆಗೆ ನಾಲ್ಕು ಸಂಗತಿಗಳನ್ನು ದಯವಿಟ್ಟು ತಿಳಿಸಿ: ನೀರು ಗಡಸೋ (ಸುಣ್ಣದ ಅಂಶ ಹೆಚ್ಚಿರುವುದೋ) ಮೆದುವೋ, ಮನೆಯಲ್ಲಿ ಎಷ್ಟು ಜನ, ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಇಂಧನ ಯಾವುದು. ಇವು ಗೊತ್ತಿಲ್ಲದೆ ಬ್ರ್ಯಾಂಡ್ ಹೆಸರಿಸುವುದು ಅಳತೆ ತೆಗೆಯದೆ ಅಂಗಿ ಹೊಲಿದಂತೆ ಆಗುತ್ತದೆ.

ಅವಸರದವ: ಎಲ್ಲಕ್ಕಿಂತ ಒಳ್ಳೆಯ ಬ್ರ್ಯಾಂಡ್ ಯಾವುದು? ಹೆಸರು ಮಾತ್ರ ಹೇಳಿದರೆ ಸಾಕು.

ದುರಸ್ತಿಗಾರ: ಮೇಲೆ ಕೇಳಿರುವ ನಾಲ್ಕು ಸಂಗತಿಗಳನ್ನು ತಿಳಿಸಿ.

ತುಂತುರು: ನಮ್ಮ ಮನೆಯಲ್ಲಿ ನಾಲ್ಕು ಜನರಿದ್ದೇವೆ. ನೀರು ಗಡಸಾಗಿದೆ, 8 ಮೀಟರ್ ಎತ್ತರದ ತೊಟ್ಟಿಯಿಂದ ಇಳಿಯುತ್ತದೆ, ವಿದ್ಯುತ್ ಹೀಟರ್ ಬೇಕು. ಎರಡು ಬ್ರ್ಯಾಂಡುಗಳ ನಡುವೆ ತೂಗಾಡುತ್ತಿದ್ದೇನೆ. ಒಂದರದು ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕ್, ಇನ್ನೊಂದರದು ಸ್ಟೇನ್‌ಲೆಸ್ ಸ್ಟೀಲ್. ಮೊದಲನೆಯದಕ್ಕೆ ವಾರಂಟಿ ಹೆಚ್ಚು ವರ್ಷ ಇದೆ. ಅದನ್ನೇ ಆರಿಸಬಹುದೇ?

ದುರಸ್ತಿಗಾರ: ಪೂರ್ತಿ ವಿವರ ಕೊಟ್ಟಿದ್ದಕ್ಕೆ ಧನ್ಯವಾದಗಳು. ಗಾಜಿನ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ಅಲ್ಲಿ ಉಕ್ಕು ಕರಗುವ ಬದಲು ತಾನು ಕರಗಲೆಂದೇ ಒಳಗೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂನ ಆನೋಡ್ ಸರಳೊಂದನ್ನು ಇಟ್ಟಿರುತ್ತಾರೆ. ಸರಳು ಸವೆದು ಮುಗಿದ ದಿನದಿಂದ ಕರಗುವ ಸರದಿ ಟ್ಯಾಂಕಿನದು. ನಾನು ಬಿಚ್ಚಿದ ತೂತುಬಿದ್ದ ಟ್ಯಾಂಕುಗಳಲ್ಲಿ ಹೆಚ್ಚಿನವುಗಳೊಳಗೆ ಸರಳು ಇರಬೇಕಾದ ಜಾಗದಲ್ಲಿ ಬರಿಯ ತಂತಿ ಉಳಿದಿತ್ತು. ಹೊರಗೆ ಅಂಟಿಸಿದ್ದ ಹೆಸರುಗಳು ಮಾತ್ರ ಬೇರೆಬೇರೆಯಾಗಿದ್ದವು. ಆದ್ದರಿಂದ ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ಈ ಸರಳನ್ನು ಟ್ಯಾಂಕ್ ಇಳಿಸದೆ ಬದಲಾಯಿಸಲು ಆಗುತ್ತದೆಯೇ, ಅದು ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು. ಗಡಸು ನೀರಿರುವಲ್ಲಿ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ನೋಡಬೇಕು.

ವಾರಂಟಿಯ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನೋಡಿ ಮರುಳಾಗಬೇಡಿ. ಟ್ಯಾಂಕಿಗೆ ಒಂದು ಅವಧಿ, ನೀರು ಕಾಯಿಸುವ ಸುರುಳಿಯಾದ ಎಲಿಮೆಂಟಿಗೆ ಇನ್ನೊಂದು, ಉಳಿದ ಭಾಗಗಳಿಗೆ ಮತ್ತೊಂದು ಇರುವುದು ಸಾಮಾನ್ಯ, ಮತ್ತು ದೊಡ್ಡದಾಗಿ ಅಚ್ಚಾಗುವುದು ಟ್ಯಾಂಕಿನದು. ನೀರಿನ ಗಡಸುತನ ಇಂತಿಷ್ಟು ಮೀರಿದರೆ, ಅಥವಾ ಆನೋಡ್ ಬದಲಾಯಿಸಿದ ರಸೀದಿ ಇಲ್ಲದಿದ್ದರೆ ವಾರಂಟಿ ಸಲ್ಲುವುದಿಲ್ಲವೆಂಬ ಸಾಲು ಸಣ್ಣ ಅಕ್ಷರಗಳಲ್ಲಿ ಇರಬಹುದು. ಹಣ ಕೊಡುವ ಮೊದಲೇ ಓದಿಕೊಳ್ಳಿ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ, ಹಾಗಾಗಿ ನಿಮ್ಮ 8 ಮೀಟರ್ ಯಾವ ಟ್ಯಾಂಕಿಗೂ ಹೊರೆಯಲ್ಲ. ಎರಡರಲ್ಲಿ ಯಾವುದರ ಬಿಡಿಭಾಗ ಮತ್ತು ದುರಸ್ತಿ ನಿಮಗೆ ಹತ್ತಿರದಲ್ಲಿ ಸಿಗುತ್ತದೆಯೋ ಅದನ್ನು ಕೊಳ್ಳಿ.

ಒಂಟಿಸಲಗ: ಸ್ಟೇನ್‌ಲೆಸ್ ಸ್ಟೀಲ್ ಎಂದೂ ತುಕ್ಕು ಹಿಡಿಯುವುದಿಲ್ಲ ಎಂಬ ಸರಳ ಸತ್ಯವನ್ನು ಇಷ್ಟು ಸುತ್ತಿ ಬಳಸಿ ಮುಚ್ಚಿಡುವ ಅಗತ್ಯವಿರಲಿಲ್ಲ. ಗಾಜಿನ ಲೇಪವೆಂಬುದು ಅಗ್ಗದ ಉಕ್ಕನ್ನು ಮಾರಲು ಹೂಡಿದ ಉಪಾಯ.

ಲೆಕ್ಕಿಗ: ತುಕ್ಕು ಹಿಡಿಯುವುದೇ ಇಲ್ಲವೆಂಬುದು ತಪ್ಪು. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೂಜಿಮೊನೆಯಂಥ ಕುಳಿಗಳು ಬೀಳುತ್ತವೆ, ಅದರಲ್ಲೂ ಬೆಸುಗೆಯ ಅಂಚಿನಲ್ಲಿ. 304 ದರ್ಜೆಗಿಂತ 316 ದರ್ಜೆ ಹೆಚ್ಚು ತಾಳುವುದು ಅದರಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ.

ಒಂಟಿಸಲಗ: ನಮ್ಮದು 11 ವರ್ಷದಿಂದ ಇದೆ, ಒಂದು ಹನಿ ಸೋರಿಲ್ಲ. ನೀವು ಪುಸ್ತಕದಲ್ಲಿ ಓದಿದ್ದನ್ನು ನಾನು ಸ್ನಾನದ ಮನೆಯಲ್ಲಿ ನೋಡಿದ್ದೇನೆ.

ಲೆಕ್ಕಿಗ: ನಿಮ್ಮ ಮನೆಯ ನೀರಿನಲ್ಲಿ ಕ್ಲೋರೈಡ್ ಕಡಿಮೆಯಿರಬಹುದು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ಕಿರುಮನೆ: ಒಬ್ಬನೇ ಇರುವವನಿಗೆ 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಹೀಟರ್ ಸಾಕೇ? ಷವರ್‌ನಲ್ಲಿ ಸ್ನಾನ ಮಾಡುವ ಅಭ್ಯಾಸ ನನ್ನದು.

ದುರಸ್ತಿಗಾರ: ಸಾಲದು. ನೀರನ್ನು 25 ಡಿಗ್ರಿಯಷ್ಟು ಏರಿಸಬೇಕಾದರೆ 3 ಕಿಲೋವ್ಯಾಟ್‌ನಿಂದ ನಿಮಿಷಕ್ಕೆ 1.7 ಲೀಟರ್ ಮಾತ್ರ ಸಿಗುತ್ತದೆ, ಅದು ಷವರ್ ಅಲ್ಲ. ನಿಮಿಷಕ್ಕೆ 10 ಲೀಟರ್ ಬೇಕೆಂದರೆ 17 ಕಿಲೋವ್ಯಾಟ್ ದಾಟುತ್ತದೆ. ಈ ಲೆಕ್ಕ ಯಾವ ಬ್ರ್ಯಾಂಡ್ ಬಂದರೂ ಬದಲಾಗುವುದಿಲ್ಲ. ಟ್ಯಾಂಕ್ ಇರುವುದನ್ನೇ ಕೊಳ್ಳಿ.

ಬೆಳದಿಂಗಳು: ಹೆಸರಾಂತ ಬ್ರ್ಯಾಂಡುಗಳಲ್ಲಿ ಅತ್ಯುತ್ತಮವಾದದ್ದು ಯಾವುದೆಂದು ದಯವಿಟ್ಟು ತಿಳಿಸುವಿರಾ?

ದುರಸ್ತಿಗಾರ: ತುಂತುರು ಅವರಿಗೆ ಬರೆದದ್ದನ್ನು ಓದಿ.

ಹಸಿರೆಲೆ: ಸೌರ ಹೀಟರ್ ಒಳ್ಳೆಯದೋ ಹೀಟ್ ಪಂಪ್ ಒಳ್ಳೆಯದೋ? ಗಡಸು ನೀರಿನಲ್ಲಿ ಗಾಜಿನ ಕೊಳವೆಗಳು ಕಟ್ಟಿಕೊಳ್ಳುತ್ತವೆಯೆಂದು ಕೇಳಿದ್ದೇನೆ, ಅದು ನಿಜವೇ?

ಮುಂಜಾವು: ನಾನು ಬ್ರ್ಯಾಂಡ್ ಬದಲಾಯಿಸಬೇಕೆಂದಿದ್ದೇನೆ. ಈಗಿರುವುದು 100 ಲೀಟರಿನ ವಿದ್ಯುತ್ ಹೀಟರ್, 5 ವರ್ಷ ಹಳೆಯದು. ಕೆಳಗಿನ ಸೇಫ್ಟಿ ವಾಲ್ವಿನಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು. ಕಂಪನಿಗೆ ದೂರು ಕೊಟ್ಟರೂ ಪ್ರಯೋಜನವಾಗಲಿಲ್ಲ. ವಾಲ್ವಿನ ಬಾಯಿಗೆ ಮುಚ್ಚಳ ತಿರುಗಿಸಿದರೆ ಸಾಕೆಂಬ ವಿಡಿಯೊ ಬೇರೊಂದು ಗುಂಪಿನಲ್ಲಿ ಬಂದಿತ್ತು, ಹಾಗೆಯೇ ಮಾಡಿದೆ. ಮೂರು ವಾರದಿಂದ ಒಂದು ಹನಿಯೂ ಬಿದ್ದಿಲ್ಲ. ಆದರೆ ಎರಡು ದಿನದಿಂದ ನಲ್ಲಿ ತಿರುಗಿಸಿದರೆ ನೀರು ಉಗಿಯೊಂದಿಗೆ ಚಿಮ್ಮುತ್ತದೆ, ಟ್ಯಾಂಕ್ ಆಗಾಗ ಟಕ್ ಟಕ್ ಎನ್ನುತ್ತದೆ. ಇಷ್ಟು ಬೇಗ ಹಾಳಾಗದ ಬ್ರ್ಯಾಂಡ್ ಯಾವುದಿದೆ?

ದುರಸ್ತಿಗಾರ: ಮುಂಜಾವು ಅವರೇ, ಬ್ರ್ಯಾಂಡಿನ ಮಾತು ಬಿಡಿ. ಹೀಟರ್ ಈಗ ಚಾಲೂ ಇದೆಯೇ? ಇದ್ದರೆ ಸ್ನಾನದ ಮನೆಯೊಳಗಿನ ಸ್ವಿಚ್ಚನ್ನು ಮುಟ್ಟಲು ಹೋಗದೆ, ಮನೆಯ ಮುಖ್ಯ ಫಲಕದಲ್ಲಿ ಅದರ ಬ್ರೇಕರನ್ನು ಇಳಿಸಿ. ಆ ಮುಚ್ಚಳವನ್ನು ಈಗ ಬಿಚ್ಚಬೇಡಿ. ಯಾವ ನಲ್ಲಿಯನ್ನೂ ತಿರುಗಿಸಬೇಡಿ. ಆ ಕೋಣೆಯ ಹತ್ತಿರ ಯಾರನ್ನೂ ಬಿಡಬೇಡಿ. ಇಷ್ಟು ಮಾಡಿ ಇಲ್ಲಿ ಬಂದು ತಿಳಿಸಿ.

ಒಂಟಿಸಲಗ: ಗಾಜಿನ ಲೇಪದ ಟ್ಯಾಂಕೇ ಇರಬೇಕು.

ಲೆಕ್ಕಿಗ: ಇಂಥ ಹೊತ್ತಿನಲ್ಲೂ ನಿಮ್ಮದು ಅದೇ ರಾಗ.

ದುರಸ್ತಿಗಾರ: ನಿಮ್ಮಿಬ್ಬರ ಜಗಳ ಆಮೇಲೆ ಇರಲಿ. ಮುಂಜಾವು ಅವರೇ, ಎಲ್ಲಿದ್ದೀರಿ?

ಅವರು ಬರುವವರೆಗೆ, ಆ ವಿಡಿಯೊ ನೋಡಿರಬಹುದಾದ ಉಳಿದವರಿಗಾಗಿ ಬರೆಯುತ್ತೇನೆ. ನೀರು ಕಾದಾಗ ಹಿಗ್ಗುತ್ತದೆ. 100 ಲೀಟರ್ ನೀರನ್ನು 15 ಡಿಗ್ರಿಯಿಂದ 65 ಡಿಗ್ರಿಗೆ ಏರಿಸಿದರೆ ಸುಮಾರು 2 ಲೀಟರಿನಷ್ಟು ಜಾಗ ಹೆಚ್ಚಿಗೆ ಬೇಕಾಗುತ್ತದೆ, ಮತ್ತು ಒಳಹರಿವಿನಲ್ಲಿ ಹಿಂದಕ್ಕೆ ಹೋಗದಂತೆ ತಡೆ ಇರುವುದರಿಂದ ಆ ನೀರು ಸೇಫ್ಟಿ ವಾಲ್ವಿನಿಂದಲೇ ಹೊರಗೆ ಬರಬೇಕು. ಕಾಯುವಾಗ ತೊಟ್ಟಿಕ್ಕುವ ವಾಲ್ವ್ ತನ್ನ ಕೆಲಸ ಮಾಡುತ್ತಿದೆ, ಕೆಟ್ಟಿಲ್ಲ. ಕಾಯದಿದ್ದಾಗಲೂ ಸುರಿದರೆ ಒಂದೋ ವಾಲ್ವಿನ ಪೀಠದಲ್ಲಿ ಸುಣ್ಣ ಕಟ್ಟಿದೆ, ಇಲ್ಲವೇ ಬರುವ ನೀರಿನ ಒತ್ತಡವೇ ಹೆಚ್ಚಾಗಿದೆ. ಮೊದಲನೆಯದಕ್ಕೆ ಹೊಸ ವಾಲ್ವ್, ಎರಡನೆಯದಕ್ಕೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಬೇಕು. ಮುಚ್ಚಳಕ್ಕೆ ಇಲ್ಲಿ ಯಾವ ಕೆಲಸವೂ ಇಲ್ಲ.

ಮುಚ್ಚಿದ ಮೇಲೂ, ನೀರು ಬೇಕಾದಷ್ಟು ಕಾದೊಡನೆ ವಿದ್ಯುತ್ ಕಡಿಯುವ ಥರ್ಮೋಸ್ಟಾಟ್ ಸರಿಯಿದ್ದರೆ ಟ್ಯಾಂಕ್ ಕೆಲವು ದಿನ ಸಹಿಸಿಕೊಳ್ಳಬಹುದು. ನಲ್ಲಿಯಲ್ಲಿ ಉಗಿ ಬಂತೆಂದರೆ ಥರ್ಮೋಸ್ಟಾಟೂ ಹೋಗಿದೆ, ಅದು ಕೆಟ್ಟಾಗ ವಿದ್ಯುತ್ ಕಡಿಯಲು ಅದರ ಹಿಂದೆ ಕಾವಲಿಗಿರುವ ಕಟೌಟೂ ಹೋಗಿದೆ ಎಂದರ್ಥ. ಮೂರು ಕಾವಲುಗಳಲ್ಲಿ ಎರಡು ತಾವಾಗಿ ಸತ್ತಿವೆ, ಮೂರನೆಯದನ್ನು ವಿಡಿಯೊ ನೋಡಿ ಕೊಂದಿದ್ದಾರೆ. ಒತ್ತಡ ಏರಿದಂತೆ ಕುದಿಯುವ ಬಿಂದುವೂ ಏರುವುದರಿಂದ, 8 ಬಾರ್ ಒತ್ತಡದಲ್ಲಿ ನೀರು 170 ಡಿಗ್ರಿಯಲ್ಲೂ ನೀರಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಟ್ಯಾಂಕಿನ ಬೆಸುಗೆ ಬಾಯಿಬಿಟ್ಟರೆ ಒತ್ತಡ ಒಮ್ಮೆಲೇ ಇಳಿದು ನೀರಿನ ಒಂದು ಪಾಲು ಕ್ಷಣಾರ್ಧದಲ್ಲಿ ಉಗಿಯಾಗುತ್ತದೆ, ಮತ್ತು ಉಗಿಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು. ಗೋಡೆ ಒಡೆದು ಟ್ಯಾಂಕ್ ಹಾರುವುದು ಹೀಗೆಯೇ. ಮುಚ್ಚಳ ಬಿಚ್ಚಬೇಡಿ ಎಂದದ್ದೂ ಇದಕ್ಕೇ: ಬಿಚ್ಚುವ ಕೈ ಮತ್ತು ಮುಖದ ಮೇಲೆ ಮೊದಲು ಬೀಳುವುದು ಆ ಉಗಿ.

ಗೃಹಿಣಿ ಬಳಗ: ಇದಕ್ಕೆಲ್ಲ ಹೆದರಬೇಕಾಗಿಲ್ಲ. ನಮಗೆ ಬಂದ ಸಂದೇಶವೊಂದರ ಪ್ರಕಾರ ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಸುಣ್ಣ ಕಟ್ಟುವುದೇ ಇಲ್ಲ. ಕಟ್ಟಿದ್ದರೆ ಟ್ಯಾಂಕಿಗೆ ವಿನೆಗರ್ ಮತ್ತು ಬ್ಲೀಚ್ ಒಟ್ಟಿಗೆ ಸುರಿದು ಒಂದು ಗಂಟೆ ಬಿಡಬೇಕು. ಎಲ್ಲರಿಗೂ ಕಳುಹಿಸಿ.

ದುರಸ್ತಿಗಾರ: ಯಾರಿಗೂ ಕಳುಹಿಸಬೇಡಿ. ವಿನೆಗರ್ ಆಮ್ಲ, ಬ್ಲೀಚಿನೊಂದಿಗೆ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಸ್ನಾನದ ಮನೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಸುಣ್ಣ ಕಟ್ಟಿದ್ದರೆ ವಿದ್ಯುತ್ ತೆಗೆದು, ನೀರು ಬರಿದು ಮಾಡಿ, ಎಲಿಮೆಂಟನ್ನು ಹೊರಗೆ ತೆಗೆದು ಶುಚಿ ಮಾಡುವುದು ಬಲ್ಲವರ ಕೆಲಸ. ಅಯಸ್ಕಾಂತ ಕಟ್ಟಿದ್ದ ಮನೆಗಳಲ್ಲಿಯೂ ನಾನು ಮೊರಗಟ್ಟಲೆ ಸುಣ್ಣ ಕೆರೆದು ತೆಗೆದಿದ್ದೇನೆ.

ಗೃಹಿಣಿ ಬಳಗ: ಒಳ್ಳೆಯ ಉದ್ದೇಶದಿಂದ ಹಂಚಿಕೊಂಡದ್ದಕ್ಕೆ ಇಷ್ಟು ಕಟುವಾಗಿ ಮಾತನಾಡುವ ಅಗತ್ಯವಿರಲಿಲ್ಲ.

ದುರಸ್ತಿಗಾರ: ಅಗತ್ಯವಿತ್ತು.

ಮುಂಜಾವು: ಕ್ಷಮಿಸಿ, ಬ್ರೇಕರ್ ಇಳಿಸಿ ಬಂದೆ. ಅದು ಚಾಲೂ ಇತ್ತು. ಬೆಳಗ್ಗೆ ಹಾಕಿದ್ದನ್ನು ಆರಿಸಿರಲಿಲ್ಲ. ಬಾಗಿಲಿನ ಹೊರಗೇ ಶಬ್ದ ಕೇಳಿಸುತ್ತಿದೆ. ಮುಚ್ಚಳವನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿದರೆ ಒತ್ತಡ ಇಳಿಯುವುದಿಲ್ಲವೇ?

ದುರಸ್ತಿಗಾರ: ಬೇಡ ಎಂದು ಹೇಳಿದ್ದೇನೆ. ಅರ್ಧ ಸುತ್ತೂ ಬೇಡ, ಕಾಲು ಸುತ್ತೂ ಬೇಡ. ಮನೆಯವರೆಲ್ಲರನ್ನು ಕರೆದುಕೊಂಡು ಹೊರಗೆ ನಡೆಯಿರಿ. ಗೋಡೆಯ ಆಚೆಗೆ ಬೇರೆಯವರು ವಾಸವಾಗಿದ್ದರೆ ಅವರಿಗೂ ತಿಳಿಸಿ. ಶಬ್ದ ನಿಲ್ಲದಿದ್ದರೆ ಅಗ್ನಿಶಾಮಕ ದಳದವರನ್ನು ಕರೆಯಿರಿ, ಸಂಕೋಚ ಬೇಡ. ಟ್ಯಾಂಕಿಗೆ ಉಷ್ಣರೋಧಕ ಹೊದಿಕೆ ಇರುವುದರಿಂದ ಒಳಗಿನ ನೀರು ತಣಿಯಲು ಒಂದು ಇಡೀ ದಿನವಾದರೂ ಬೇಕು. ಅಲ್ಲಿಯವರೆಗೆ ಬ್ರೇಕರ್ ಏರಿಸಬಾರದು, ಮತ್ತು ಯಾರೂ ಏರಿಸದಂತೆ ಅದರ ಮೇಲೆ ಬರೆದು ಅಂಟಿಸಿ.

ಮೌನಿ: ನಮ್ಮದು ಗ್ಯಾಸ್ ಹೀಟರ್, ಬಹಳ ದುಬಾರಿ ಬ್ರ್ಯಾಂಡಿನದು, ಸ್ನಾನದ ಮನೆಯ ಒಳಗೇ ಇದೆ. ಇತ್ತೀಚೆಗೆ ಅಮ್ಮನಿಗೆ ಸ್ನಾನ ಮಾಡುವಾಗ ತಲೆನೋವು ಬಂದು ತಲೆ ಸುತ್ತುತ್ತದೆ. ಜ್ವಾಲೆ ಹಳದಿಯಾಗಿದೆ. ಇದಕ್ಕೂ ಹೀಟರ್‌ಗೂ ಸಂಬಂಧವಿದೆಯೇ?

ದುರಸ್ತಿಗಾರ: ಇದೆ. ಇಂದಿನಿಂದಲೇ ಅದನ್ನು ಹಚ್ಚಬೇಡಿ. ಹಳದಿ ಜ್ವಾಲೆಯೆಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಮ್ಮನನ್ನು ಇವತ್ತೇ ವೈದ್ಯರಲ್ಲಿಗೆ ಕರೆದೊಯ್ದು, ಸ್ನಾನದ ಮನೆಯಲ್ಲಿ ಗ್ಯಾಸ್ ಹೀಟರ್ ಇದೆ ಎಂಬುದನ್ನು ಮರೆಯದೆ ಹೇಳಿ. ದುಬಾರಿ ಬ್ರ್ಯಾಂಡ್ ಆದರೂ ಹೊಗೆ ಕೊಳವೆಯಿಲ್ಲದೆ ಒಳಗೆ ಇಟ್ಟರೆ ಕೊಲ್ಲುತ್ತದೆ. ಅದು ಇರಬೇಕಾದದ್ದು ಹೊರಗೋಡೆಯ ಮೇಲೆ, ಇಲ್ಲವೇ ಉರಿಯುವ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನೂ ಹೊರಗೇ ಬಿಡುವ ಮುಚ್ಚಿದ ಮಾದರಿಯದಾಗಿರಬೇಕು.

ಲೆಕ್ಕಿಗ: ಹಸಿರೆಲೆ ಅವರ ಪ್ರಶ್ನೆ ಹಾಗೆಯೇ ಉಳಿದಿದೆ. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖವನ್ನು ಎಳೆದುಕೊಳ್ಳುವುದರಿಂದ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ ಶಾಖ ಕೊಡುತ್ತದೆ. ಸೌರ ಹೀಟರ್‌ಗೆ ಮೋಡದ ದಿನಗಳಲ್ಲಿ ಹೇಗಿದ್ದರೂ ವಿದ್ಯುತ್ತಿನ ಆಸರೆ ಬೇಕು.

ಒಂಟಿಸಲಗ: ಕೇಳಿದ್ದು ವೃತ್ತಿಪರರನ್ನು, ನಿಮ್ಮನ್ನಲ್ಲ. ಒಂದಕ್ಕೆ ಮೂರು ಕೊಡುವ ಯಂತ್ರವಿದ್ದರೆ ಲೋಕದಲ್ಲಿ ವಿದ್ಯುತ್ತಿನ ಕೊರತೆಯೇ ಇರುತ್ತಿರಲಿಲ್ಲ.

ಲೆಕ್ಕಿಗ: ಫ್ರಿಜ್ಜಿನ ಹಿಂಬದಿ ಏಕೆ ಬಿಸಿಯಾಗಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಯೋಚಿಸಿಲ್ಲವಾದರೆ ಚರ್ಚೆ ವ್ಯರ್ಥ.

ನಿರ್ವಾಹಕ: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು.

ತುಂತುರು: ಟ್ಯಾಂಕ್ ಹೆಚ್ಚು ಬಾಳಲೆಂದು ಥರ್ಮೋಸ್ಟಾಟನ್ನು 40 ಡಿಗ್ರಿಗೆ ಇಡಬಹುದೇ?

ದುರಸ್ತಿಗಾರ: ಬೇಡ. 20ರಿಂದ 45 ಡಿಗ್ರಿಯ ನಡುವೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60ಕ್ಕೆ ಇಡಿ. ಆದರೆ 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುವುದರಿಂದ, ಮನೆಯಲ್ಲಿ ಮಕ್ಕಳು ಅಥವಾ ವೃದ್ಧರಿದ್ದರೆ ನಲ್ಲಿಗೆ ಮೊದಲು ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಅವಸರದವ: ಇಷ್ಟು ಹೊತ್ತಾದರೂ ಯಾರೂ ಒಂದು ಬ್ರ್ಯಾಂಡಿನ ಹೆಸರು ಹೇಳಿಲ್ಲ. ಇವರಿಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ.

ಮುಂಜಾವು: ನಿನ್ನೆಯ ರಾತ್ರಿ ಶಬ್ದ ನಿಂತಿತು. ಇಂದು ಸಂಜೆ ಟ್ಯಾಂಕ್ ತಣ್ಣಗಾದ ಮೇಲೆ ದುರಸ್ತಿಯವರೊಬ್ಬರು ಬಂದು ಬಿಚ್ಚಿದರು. ಥರ್ಮೋಸ್ಟಾಟಿನ ಸಂಪರ್ಕಗಳು ಬೆಸೆದುಕೊಂಡಿದ್ದವು. ಕಟೌಟ್ ತಾನಾಗಿ ಕೆಟ್ಟಿರಲಿಲ್ಲ; ಕಳೆದ ವರ್ಷ ಅದು ಮತ್ತೆ ಮತ್ತೆ ಬೀಳುತ್ತದೆಂದು ಬೇರೊಬ್ಬರು ತಂತಿ ಹಾಕಿ ಅದನ್ನು ದಾಟಿಸಿಬಿಟ್ಟಿದ್ದರು, ನನಗೆ ಹೇಳಿಯೂ ಇರಲಿಲ್ಲ. ಟ್ಯಾಂಕಿನ ತಳ ಹೊರಕ್ಕೆ ಉಬ್ಬಿದೆ. ಥರ್ಮೋಸ್ಟಾಟ್, ಕಟೌಟ್, ವಾಲ್ವ್ ಮೂರನ್ನೂ ಹೊಸದು ಹಾಕಿ ಇದನ್ನೇ ಬಳಸಬಹುದು ಎನ್ನುತ್ತಾರೆ.

ದುರಸ್ತಿಗಾರ: ಉಬ್ಬಿದ ಟ್ಯಾಂಕನ್ನು ಬಳಸಬಾರದು, ಯಾರೂ ತೆಗೆದುಕೊಂಡು ಹೋಗಿ ಮರುಬಳಕೆ ಮಾಡದಂತೆ ಅದಕ್ಕೆ ತೂತು ಕೊರೆಸಿ ಗುಜರಿಗೆ ಹಾಕಿ. ಹೊಸದನ್ನು ಕೂಡಿಸಿದ ಮೇಲೆ ಸೇಫ್ಟಿ ವಾಲ್ವಿನ ಬಾಯಿಯಿಂದ ನೆಲದ ಜಾಲರಿಯವರೆಗೆ ಕೆಳಮುಖವಾಗಿ ಒಂದು ಕೊಳವೆ ಎಳೆಸಿ, ತುದಿಯನ್ನು ತೆರೆದೇ ಬಿಡಿ. ನೀವು ಬೇಸರಪಟ್ಟಿದ್ದ ಹನಿಗಳು ಅಲ್ಲಿಗೆ ಹೋಗಿ ಬೀಳುತ್ತವೆ. ಅಳವಡಿಸಿದ ಮೇಲೆ ಅದರ ಚಿತ್ರವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಮೌನಿ ಅವರೇ, ವೈದ್ಯರು ಏನು ಹೇಳಿದರು?