‘ರೇಶಿಯಲ್ ಡಿಸ್ಪ್ಯಾರಿಟಿ’ಗೆ ‘ಜನಾಂಗೀಯ ತಾರತಮ್ಯ’ ಸರಿಯೇ?

ಗೆಳೆಯರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಆರೋಗ್ಯ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ರೇಶಿಯಲ್ ಡಿಸ್ಪ್ಯಾರಿಟಿ’ (racial disparity) ಎಂಬ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂಬ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಅಮೆರಿಕದ ಮಾನ್ಯತೆ ಪಡೆದ ಬೇರಿಯಾಟ್ರಿಕ್ (ತೂಕ ಇಳಿಸುವ ಶಸ್ತ್ರಚಿಕಿತ್ಸೆಯ) ಕೇಂದ್ರಗಳು ಶಸ್ತ್ರಚಿಕಿತ್ಸೆಯ ನಂತರದ ಮೊದಲ 30 ದಿನಗಳಲ್ಲಿ ರೋಗಿಗಳ ವಿವರವನ್ನು ದಾಖಲಿಸಿಡುತ್ತವೆ. ಆ ದತ್ತಾಂಶದ ಮೇಲಿನ ಹಲವು ಅಧ್ಯಯನಗಳಲ್ಲಿ ವಯಸ್ಸು, ಸಕ್ಕರೆ ಕಾಯಿಲೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಪ್ಪು ಅಮೆರಿಕನ್ನರು ಬಿಳಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ್ತೆ ಆಸ್ಪತ್ರೆ ಸೇರಿದ್ದಾರೆ. ಸಾಮಾನ್ಯ ಕಾರಣಗಳು ವಾಕರಿಕೆ, ವಾಂತಿ, ನಿರ್ಜಲೀಕರಣ, ಹೊಟ್ಟೆನೋವು. ಸ್ಲೀವ್ ಎಂಬ ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಉಳಿದ ಕಿರಿದಾದ ಕೊಳವೆಗೆ ನೀರನ್ನು ಗುಟುಕು ಗುಟುಕಾಗಿಯೇ ಇಳಿಸಬೇಕು. ವಾಂತಿ ಹಿಡಿದರೆ ಮೈಯ ನೀರು ಬೇಗ ಬತ್ತುತ್ತದೆ. ಹತ್ತಿರದಲ್ಲೇ ಡ್ರಿಪ್ ಹಾಕುವ ಕ್ಲಿನಿಕ್ ಇದ್ದರೆ ಎಷ್ಟೋ ಜನ ಅದೇ ದಿನ ಮನೆಗೆ ಮರಳಬಹುದು. ಇಲ್ಲದವರಿಗೆ ತುರ್ತು ವಿಭಾಗವೇ ಗತಿ.

ಪತ್ರಿಕೆಗಳ ರೂಢಿಯಂತೆ ಕಪ್ಪು-ಬಿಳಿಯರ ನಡುವಿನ ಈ ಅಂತರವನ್ನು ‘ಜನಾಂಗೀಯ ತಾರತಮ್ಯ’ ಎನ್ನಬೇಕು. ಆದರೆ ಲಿಂಗ ತಾರತಮ್ಯ, ಜಾತಿ ತಾರತಮ್ಯ ಎಂದು ಓದಿ ರೂಢಿಯಾದವರಿಗೆ ತಾರತಮ್ಯ ಎಂದರೆ ಯಾರೋ ಮಾಡಿದ್ದು. ಮಾಧ್ವ ಸಿದ್ಧಾಂತದಲ್ಲಿ ತಾರತಮ್ಯ ಎಂದರೆ ಮೇಲು-ಕೆಳಗಿನ ಶ್ರೇಣಿ, ಅಲ್ಲಿ ಆ ಆರೋಪವಿಲ್ಲ, ನಿಜ. ಇಂದಿನ ಓದುಗರಿಗೆ ಆ ಅರ್ಥ ಹೊಳೆಯುವುದಿಲ್ಲ. ಅಂಕಿಅಂಶ ತೋರಿಸುವುದು ಅಂತರವನ್ನು ಮಾತ್ರ. ಅದರ ಹಿಂದೆ ವಿಮೆಯ ಕೊರತೆ ಎಷ್ಟು, ರಜೆ ಸಿಗದ ದುಡಿಮೆ ಎಷ್ಟು, ನೋವು ಎಂದರೂ ನಂಬದ ವೈದ್ಯರ ಪಾಲೆಷ್ಟು ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಹಾಗೆಂದು ‘ವ್ಯತ್ಯಾಸ’ ಎಂದು ಬರೆಯಲು ನನಗೆ ಸುತರಾಂ ಮನಸ್ಸಿಲ್ಲ. ರಕ್ತದ ಗುಂಪಿನಂತೆ ಇದೂ ಹುಟ್ಟಿನಿಂದ ಬಂದ ದೇಹಗುಣ ಎಂದು ಓದುಗರು ತಿಳಿದರೆ ರೋಗಿಗಳಿಗೆ ಅನ್ಯಾಯವಾಗುತ್ತದೆ. ಇವೆರಡಕ್ಕಿಂತ ‘ಅಸಮಾನತೆ’ ವಾಸಿ ಅನ್ನಿಸುತ್ತದೆ.

‘ಜನಾಂಗ’ದ್ದು ಇನ್ನೊಂದು ತೊಡಕು. ಒಕ್ಕಲಿಗ ಜನಾಂಗ, ಹಿಂದುಳಿದ ಜನಾಂಗ, ಯುವಜನಾಂಗ ಎಲ್ಲವೂ ನಮ್ಮಲ್ಲಿವೆ. ಅಮೆರಿಕದಲ್ಲಿ ‘ರೇಸ್’ ಎಂಬುದು ಸಾಮಾನ್ಯವಾಗಿ ಅರ್ಜಿಯಲ್ಲಿ ರೋಗಿಯೇ ಗುರುತು ಹಾಕುವ ಕಲಂ. ‘ವರ್ಣ’ ಎಂದರೆ ಚಾತುರ್ವರ್ಣ್ಯ ಅಡ್ಡ ಬರುತ್ತದೆ.

ಸದ್ಯ ಹೀಗೆ ಬರೆದಿದ್ದೇನೆ: ‘ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪತ್ರೆಗೆ ಮರುದಾಖಲಾಗುವುದರಲ್ಲಿ ಕಪ್ಪು ಮತ್ತು ಬಿಳಿಯ ಅಮೆರಿಕನ್ನರ ನಡುವಿನ ಅಸಮಾನತೆ’. ಲೇಖನದ ಒಳಗೆ ಇದು ನಡೆದೀತು, ಶೀರ್ಷಿಕೆಗೆ ಉದ್ದವಾಯಿತು. ಇದಕ್ಕಿಂತ ಚಿಕ್ಕದಾದ, ಅರ್ಥ ಕೆಡದ ಪ್ರಯೋಗ ಯಾರಿಗಾದರೂ ತೋಚುತ್ತದೆಯೇ? ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ‘ಮರುದಾಖಲು’ ಎನ್ನುತ್ತಾರೆಯೇ, ಬೇರೆ ಮಾತು ಬಳಕೆಯಲ್ಲಿದೆಯೇ ಎಂಬುದನ್ನೂ ತಿಳಿಸಿ.