ಆಚೆ ಹೋಗೋದು ಕೂತು, ಈಚೆ ಬರೋದು ಮಲಗಿ

ವೆಂಕಿಗೆ ಈಗ ಒಂದೇ ಹುಚ್ಚು. ಐವತ್ತು ತುಂಬುವುದರೊಳಗೆ ಅಟ್ಲಾಂಟಿಕ್ ಮೇಲೆ ಒಂದು ಸಲವಾದರೂ ಕಾಲು ಚಾಚಿ ಮಲಗಬೇಕಂತೆ. ಅವನ ಅಕ್ಕ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ ತಗೊಂಡಿದ್ದಾರೆ, ಗೃಹಪ್ರವೇಶಕ್ಕೆ ಲಂಡನ್ನಿನಿಂದ ಗಂಡ ಹೆಂಡತಿ ಹೋಗಲೇಬೇಕು, ಟಿಕೆಟ್ ತೆಗೆಯುವುದಂತೂ ತಪ್ಪಿದ್ದಲ್ಲ, ಹಾಗಿದ್ದ ಮೇಲೆ ಬಿಸಿನೆಸ್ ಕ್ಲಾಸಲ್ಲೇ ಯಾಕೆ ಹೋಗಬಾರದು ಅನ್ನುವುದು ಅವನ ವಾದ. ದುಡ್ಡು ಮಾತ್ರ ಎಕಾನಮಿಯದ್ದೇ ಕೊಡುತ್ತಾನಂತೆ.

ಲಂಡನ್ನಿನ ಹೌನ್ಸ್ಲೋದ ಶೈಲಾ ಮನೆಯಲ್ಲಿ ಭಾನುವಾರ ಬಿಸಿಬೇಳೆಬಾತ್ ಮುಗಿಸಿ ಎಲ್ಲರೂ ಸೋಫಾಕ್ಕೆ ಒರಗಿದ ಮೇಲೆ ಈ ಮಾತು ಎದ್ದಿತು. ಹೀತ್ರೋ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಆ ಮನೆ ಮೇಲೇ ಹಾಯುವುದರಿಂದ ಅಲ್ಲಿ ಯಾರೂ ಒಂದು ಮಾತನ್ನು ಒಂದೇ ಸಲಕ್ಕೆ ಆಡಿ ಮುಗಿಸಿದ್ದಿಲ್ಲ.

“ಡಬ್ಲಿನ್ ಮಾರಾಯ, ಡಬ್ಲಿನ್!” ಅಂದ ಪ್ರಭಾಕರ. ಇವನು ಕ್ರೆಡಿಟ್ ಕಾರ್ಡ್ ಪಾಯಿಂಟ್ ಲೆಕ್ಕ ಹಾಕಿಕೊಂಡೇ ನಿದ್ದೆ ಹೋಗುವ ಮನುಷ್ಯ. “ಬ್ರಿಟನ್ನಿನಿಂದ ಹೊರಟರೆ ಏರ್ ಪ್ಯಾಸೆಂಜರ್ ಡ್ಯೂಟಿ ಅಂತ ಸರ್ಕಾರ ಜೇಬಿಗೆ ಕೈ ಹಾಕುತ್ತೆ. 2026ರ ಏಪ್ರಿಲ್‌ನಿಂದ ನ್ಯೂಯಾರ್ಕಿನಷ್ಟು ದೂರಕ್ಕೆ ಎಕಾನಮಿಯವನಿಗೆ 102 ಪೌಂಡ್. ಅದಕ್ಕಿಂತ ಮೇಲಿನ ಯಾವ ಕ್ಲಾಸಾದರೂ 244.”

“ಪ್ರೀಮಿಯಂ ಎಕಾನಮಿಗೂ?” ಅಂದೆ ನಾನು.

“ಅದಕ್ಕೂ 244. ಮೊಣಕಾಲಿಗೆ ನಾಲ್ಕು ಬೆರಳು ಜಾಗ ಜಾಸ್ತಿ ಸಿಕ್ಕಿದರೆ ಸಾಕು, ಸರ್ಕಾರದ ಲೆಕ್ಕದಲ್ಲಿ ನೀನು ಸಾಹುಕಾರ. ಐರ್ಲೆಂಡಿನವರು ಇಂಥ ತೆರಿಗೆಯನ್ನು 2014ರಲ್ಲೇ ಕಿತ್ತು ಹಾಕಿದರು. ಅವರ ರಾಜಧಾನಿ ಡಬ್ಲಿನ್‌ನಿಂದ ಒಂದೇ ಟಿಕೆಟ್ ತೆಗೆದು, ಲಂಡನ್ನಿನಲ್ಲಿ ವಿಮಾನ ಬದಲಿಸಿ, 24 ಗಂಟೆಯೊಳಗೆ ಇಲ್ಲಿಂದ ಹಾರಿದರೆ ಈ ತೆರಿಗೆಯೂ ಇಲ್ಲ. ಅದು ಬಿಡು, ಅಸಲಿ ಲಾಭ ಬೇರೆ ಇದೆ. ಲಂಡನ್ನಿನವನು ನೇರ ವಿಮಾನಕ್ಕೆ ಎಷ್ಟು ಕೇಳಿದರೂ ಕೊಡುತ್ತಾನೆ, ಯಾಕೆಂದರೆ ಕೊಡೋದು ಅವನ ಕಂಪನಿ. ಡಬ್ಲಿನ್‌ನವನು, ನಾರ್ವೆಯ ಓಸ್ಲೋದವನು ಇಲ್ಲಿಗೆ ಬಂದು ಇಳಿದು ಹತ್ತಬೇಕು ಅಂದರೆ ಅವನಿಗೆ ಏನಾದರೂ ಆಸೆ ತೋರಿಸಬೇಕಲ್ವಾ? ಅದಕ್ಕೇ ಅದೇ ವಿಮಾನದ ಅದೇ ಹಾಸಿಗೆ ಅವನಿಗೆ ಎಷ್ಟೋ ಸಲ ನೂರಾರು ಪೌಂಡ್ ಕಡಿಮೆಗೆ ಸಿಗುತ್ತೆ.”

ವೆಂಕಿಯ ಹೆಂಡತಿ ಮಂಜುಳಾ ಬೆರಳು ಮಡಚಿ ಲೆಕ್ಕ ಹಾಕಿದರು. “ಅಂದರೆ ಇಲ್ಲಿಂದ ಡಬ್ಲಿನ್‌ಗೆ ಹೋಗೋದು. ಅಲ್ಲಿಂದ ವಾಪಸ್ ಇಲ್ಲಿಗೇ ಬರೋದು. ಆಮೇಲೆ ಅಮೆರಿಕ. ಹೇಗೂ ಶೈಲಾ ಮನೆ ಮೇಲೇ ಹಾಯುತ್ತೇವೆ, ಇಳಿದು ಕಾಫಿ ಕುಡಿದು ಹೋಗೋಣ ಬಿಡಿ.”

“ನಾನೂ ಅದೇ ಯೋಚನೆ ಮಾಡ್ತಿದ್ದೆ,” ಅಂದ ವೆಂಕಿ. “ಟಿಕೆಟ್ ಡಬ್ಲಿನ್‌ನದ್ದು ತಗೊಂಡು ಹೀತ್ರೋದಲ್ಲೇ ಹತ್ತಿಬಿಟ್ಟರೆ?”

“ಹತ್ತಿಸಿದರಲ್ವಾ! ಮೊದಲ ವಿಮಾನಕ್ಕೆ ನೀನು ಬರಲಿಲ್ಲ ಅಂದ ಕೂಡಲೇ ಮುಂದಿನದೆಲ್ಲ ರದ್ದು, ಬರುವ ಟಿಕೆಟ್ ಸಮೇತ. ಡಬ್ಲಿನ್‌ಗೆ ಹಿಂದಿನ ದಿನವೇ ಹೋಗಿ ಕೂರಬೇಕು. ಆ ಸಣ್ಣ ವಿಮಾನ ಬೇರೆ ಟಿಕೆಟ್, ಅದು ತಡವಾದರೆ ನಿನ್ನ ಹಣೆಬರಹ.”

ಶೈಲಾ ಅಲ್ಲಿಯವರೆಗೆ ಪಾತ್ರೆ ಎತ್ತಿಡುತ್ತಿದ್ದಳು. ಅಡುಗೆಮನೆಯಿಂದಲೇ ಕೇಳಿದಳು, “ವೆಂಕಿ, ನಿನ್ನ ಪಾಸ್‌ಪೋರ್ಟ್ ಯಾವ ಬಣ್ಣ?”

“ನೀಲಿ.”

“ಈಗ ಬ್ರಿಟಿಷರದ್ದೂ ನೀಲಿಯೇ. ಸತ್ಯಮೇವ ಜಯತೇ ಇರೋ ನೀಲಿಯೋ, ಇಲ್ಲದ ನೀಲಿಯೋ?”

“ಇರೋದು.”

“ಹಾಗಾದರೆ ಡಬ್ಲಿನ್ ಮರೆತುಬಿಡು, ಇಲ್ಲಾ ಐರ್ಲೆಂಡ್ ವೀಸಾಕ್ಕೆ ಅರ್ಜಿ ಹಾಕು. ನೀನು ಇಲ್ಲಿ ಎಷ್ಟೇ ವರ್ಷ ಇದ್ದರೂ, ಪರ್ಮನೆಂಟೇ ಆಗಿದ್ದರೂ, ಭಾರತದ ಪಾಸ್‌ಪೋರ್ಟಿಗೆ ಅದು ಬೇರೆಯೇ ಬೇಕು. ಓಸ್ಲೋ ಅಂದರೆ ಯೂರೋಪಿನ ಬಹುತೇಕ ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ.”

ಪ್ರಭಾಕರ ಬಾಯಿ ಮುಚ್ಚಿದ. ಅವನದ್ದು ಸತ್ಯಮೇವ ಜಯತೇ ಇಲ್ಲದ ನೀಲಿ. ಈ ಅಗ್ಗದ ದಾರಿ ಹೇಳುವವರೆಲ್ಲ ಸಾಮಾನ್ಯವಾಗಿ ಅಂಥವರೇ, ಉಳಿದವರು ವೀಸಾ ಆಫೀಸಿನ ಸಾಲಿನಲ್ಲಿ ನಿಂತಿರುತ್ತಾರೆ.

“ಷೆಂಗೆನ್ ವೀಸಾ ಹೇಗೂ ಮಾಡಿಸೋದಾದರೆ ಪ್ಯಾರಿಸ್ ನೋಡಬಹುದು,” ಅಂದೆ ನಾನು. “ಲಾ ಕಂಪನಿ ಅಂತ ಒಂದು ಫ್ರೆಂಚ್ ಏರ್‌ಲೈನ್ ಇದೆ. ಇಡೀ ವಿಮಾನ ಬಿಸಿನೆಸ್ ಕ್ಲಾಸು, ಬರೀ 76 ಸೀಟು. ಪ್ಯಾರಿಸ್‌ನ ಓರ್ಲಿ ಏರ್‌ಪೋರ್ಟಿನಿಂದ ನ್ಯೂಜೆರ್ಸಿಯದೇ ನ್ಯೂವಾರ್ಕ್‌ಗೆ. ಅಕ್ಕನ ಮನೆಗೆ ಹತ್ತಿರ. ದೊಡ್ಡ ಕಂಪನಿಗಳ ರೇಟಿಗಿಂತ ಬಹಳ ಸಲ ಕಡಿಮೆ ಇರುತ್ತೆ. ಸಣ್ಣ ವಿಮಾನ, ಆ ಕಡೆ ಎರಡು, ಈ ಕಡೆ ಎರಡು. ಕಿಟಕಿಯವನು ರಾತ್ರಿ ಎದ್ದರೆ ಪಕ್ಕದವನ ಕಾಲು ದಾಟಿಕೊಂಡು ಹೋಗಬೇಕು ಅಷ್ಟೇ.”

“ಇವರು ರಾತ್ರಿ ಸುಮಾರು ಸಲ ಏಳುತ್ತಾರೆ,” ಅಂದರು ಮಂಜುಳಾ.

ವೆಂಕಿ ಮಾತು ಬದಲಿಸಿದ. “ಬರೀ ಬಿಸಿನೆಸ್ ಕ್ಲಾಸ್ ಇಟ್ಟುಕೊಂಡು ಕಂಪನಿ ಬದುಕುತ್ತಾ? ನಾನು ಹೋಗುವವರೆಗೆ ಇರುತ್ತಾ?”

ಅವನ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಇದೇ ಲಂಡನ್ನಿನಿಂದ ನ್ಯೂಯಾರ್ಕಿಗೆ ಇಂಥ ಮೂರು ಕಂಪನಿಗಳು ಹಾರುತ್ತಿದ್ದವು. ಮ್ಯಾಕ್ಸ್‌ಜೆಟ್ 2007ರ ಡಿಸೆಂಬರ್‌ನಲ್ಲಿ ಮುಚ್ಚಿತು, ಈಯೋಸ್ 2008ರ ಏಪ್ರಿಲ್‌ನಲ್ಲಿ, ಸಿಲ್ವರ್‌ಜೆಟ್ ಮೇ ತಿಂಗಳಲ್ಲಿ. ಎಣ್ಣೆ ರೇಟು ಏರುತ್ತಿತ್ತು, ಬ್ಯಾಂಕಿನವರ ಮುಖ ಇಳಿಯುತ್ತಿತ್ತು. ಬ್ರಿಟಿಷ್ ಏರ್‌ವೇಸ್ ಕೂಡ 2009ರಿಂದ ಲಂಡನ್ ಸಿಟಿ ಏರ್‌ಪೋರ್ಟಿನಿಂದ 32 ಸೀಟಿನ ಒಂದು ಪುಟ್ಟ ವಿಮಾನ ಓಡಿಸುತ್ತಿತ್ತು. ಅಲ್ಲಿನ ರನ್‌ವೇ ಎಷ್ಟು ಗಿಡ್ಡ ಅಂದರೆ ಎಣ್ಣೆ ಪೂರ್ತಿ ತುಂಬಿಕೊಂಡು ಏಳಲು ಆಗುತ್ತಿರಲಿಲ್ಲ. ಐರ್ಲೆಂಡಿನ ಶ್ಯಾನನ್‌ನಲ್ಲಿ ಇಳಿದು ಎಣ್ಣೆ ಹಾಕಿಸಬೇಕು, ಅಷ್ಟರಲ್ಲಿ ಜನ ಅಲ್ಲೇ ಅಮೆರಿಕದ ಇಮಿಗ್ರೇಷನ್ ಮುಗಿಸಿಕೊಳ್ಳುತ್ತಿದ್ದರು. ಚೆನ್ನಾದ ವ್ಯವಸ್ಥೆ, 2020ರಲ್ಲಿ ಅದೂ ನಿಂತಿತು. ಲಾ ಕಂಪನಿ ಮಾತ್ರ 2014ರಲ್ಲಿ ಶುರುವಾಗಿ ಇನ್ನೂ ಹಾರಾಡಿಕೊಂಡಿದೆ.

“ಹೆದರಬೇಡ,” ಅಂತ ಪ್ರಭಾಕರ ಮತ್ತೆ ಚಿಗುರಿದ. “ಇಲ್ಲಿಂದ ನೇರವಾಗಿಯೇ ಅಗ್ಗ ಸಿಗುತ್ತೆ, ಸರಿಯಾದ ಸಮಯ ನೋಡಬೇಕು. ಬಿಸಿನೆಸ್ ಕ್ಲಾಸಿನಲ್ಲಿ ಕೂರೋದು ಸೂಟಿನವರು. ಆಗಸ್ಟ್‌ನಲ್ಲಿ ಅವರು ಮಕ್ಕಳನ್ನು ಕರಕೊಂಡು ಬೀಚಿಗೆ ಹೋಗಿರುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ಮನೇಲಿರುತ್ತಾರೆ. ವಿಮಾನದ ಹಿಂಭಾಗದಲ್ಲಿ ಎಕಾನಮಿ ತುಂಬಿ ತುಳುಕುತ್ತಿದ್ದರೆ ಮುಂದೆ ಹಾಸಿಗೆಗಳು ಖಾಲಿ. ಆಗ ಸೇಲ್ ಹಾಕುತ್ತಾರೆ. ಗೃಹಪ್ರವೇಶ ಆಗಸ್ಟ್ ಮೊದಲ ವಾರಕ್ಕೋ ಡಿಸೆಂಬರ್ ಕೊನೆಗೋ ಇಡಿಸು.”

ಮಂಜುಳಾ ಸೋಫಾದ ಮೇಲೆ ನೆಟ್ಟಗೆ ಕೂತರು. “ಆಗಸ್ಟ್ ಮೊದಲ ವಾರ ಅಂದರೆ ಎಷ್ಟೋ ವರ್ಷ ಆಷಾಢ. ಡಿಸೆಂಬರ್ ಕೊನೆ ಧನುರ್ಮಾಸ. ನಿಮ್ಮ ಸೇಲ್ ಇರೋವಾಗಲೇ ಪಂಚಾಂಗದಲ್ಲಿ ಮುಹೂರ್ತ ಇಲ್ಲ. ಅತ್ತಿಗೆಗೆ ಈ ಮಾತು ಹೇಳೋರು ಯಾರು?”

ಯಾರೂ ಹೇಳುವುದಿಲ್ಲ ಅಂತ ಒಮ್ಮತವಾಯಿತು. ಅಷ್ಟರಲ್ಲಿ ಅಕ್ಕನದೇ ಮೆಸೇಜ್ ಬಂತು: ಪುರೋಹಿತರು ಮಾಘ ಮಾಸದಲ್ಲಿ, ಫೆಬ್ರವರಿಗೆ, ದಿನ ಕೊಟ್ಟಿದ್ದಾರೆ.

“ಫೆಬ್ರವರಿ ಚೆನ್ನಾಯಿತು, ದುಡ್ಡಿನ ಬದಲು ಕಾರ್ಡಿನ ಪಾಯಿಂಟ್ ಕೊಟ್ಟರೆ ಸೀಟು ಸಿಗುತ್ತೆ,” ಅಂದ ಪ್ರಭಾಕರ.

“ಪಾಯಿಂಟಲ್ಲಿ ಫ್ರೀ ಅಲ್ವಾ?” ವೆಂಕಿಯ ಕಣ್ಣು ಹೊಳೆಯಿತು.

“ಟಿಕೆಟ್ ಫ್ರೀ. ತೆರಿಗೆ, ಸರ್‌ಚಾರ್ಜ್ ನೀನು ಕೊಡಬೇಕು.”

ಅಂದರೆ ಊಟ ಪುಕ್ಕಟೆ, ಎಲೆಗೆ ಮಾತ್ರ ನೂರಾರು ಪೌಂಡ್. ವೆಂಕಿ ಕೊನೆಯ ಅಸ್ತ್ರ ತೆಗೆದ. ಮದುವೆಯ ಕೋಟು ಹಾಕಿಕೊಂಡು ಎಕಾನಮಿ ಟಿಕೆಟ್ ಹಿಡಿದು ಕೌಂಟರಿನಲ್ಲಿ ನಗುನಗುತ್ತಾ ನಿಂತರೆ ಮುಂದೆ ಕೂರಿಸುತ್ತಾರಂತೆ, ಯಾರೋ ಹೇಳಿದ್ದಂತೆ. ಆ ಕೋಟಿನ ಗುಂಡಿ ಈಗ ಹಾಕಲಾಗುವುದಿಲ್ಲ ಅಂತ ಮಂಜುಳಾ ತಿಳಿಸಿದರು. ಹಾಕಲಾದರೂ ಮುಂದೆ ಯಾರನ್ನು ಕಳಿಸಬೇಕು ಅನ್ನುವುದನ್ನು ಈಗ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಅದು ಸದಾ ಹಾರುವವರ ಕಾರ್ಡ್ ನೋಡುತ್ತದೆ, ಕೋಟು ನೋಡುವುದಿಲ್ಲ.

ಕೊನೆಗೆ ದಾರಿ ತೋರಿಸಿದವಳು ಶೈಲಾ. “ನಿನಗೆ ಬೇಕಿರೋದು ಏನು? ಮಲಗೋದು. ಇಲ್ಲಿಂದ ಹೋಗುವಾಗ ಹೆಚ್ಚಿನ ವಿಮಾನ ಹಗಲಲ್ಲಿ, ಎಂಟು ಗಂಟೆ ಚಿಲ್ಲರೆ. ಮಧ್ಯಾಹ್ನ ಹಾಸಿಗೆ ಹಾಸಿಕೊಂಡು ಏನು ಮಾಡ್ತೀಯ? ಎರಡು ಸಿನಿಮಾ ನೋಡು, ಊರು ಬರುತ್ತೆ. ಬರುವಾಗಲೇ ರಾತ್ರಿ ವಿಮಾನ, ಹಾಸಿಗೆ ಬೇಕಾಗೋದು ಆಗ. ಹೋಗೋದು ಎಕಾನಮಿ, ಬರೋದು ಮಾತ್ರ ಬಿಸಿನೆಸ್. ಇಲ್ಲಿಂದ ಎಕಾನಮಿಯಲ್ಲಿ ಹೊರಟರೆ ತೆರಿಗೆ 102 ಅಷ್ಟೇ. ನ್ಯೂಯಾರ್ಕಿನಿಂದ ಹೊರಡುವಾಗ ಬ್ರಿಟನ್ ಸರ್ಕಾರದ್ದು ಏನೂ ಇಲ್ಲ.”

ನನಗಂತೂ ಇಡೀ ಮಧ್ಯಾಹ್ನ ಕೇಳಿದ್ದರಲ್ಲಿ ಇದೊಂದೇ ಬುದ್ಧಿಯ ಮಾತು ಅನ್ನಿಸಿತು. ಎರಡೂ ಕಡೆಗೆ ಒಂದೇ ಕ್ಲಾಸ್ ಹುಡುಕಿ ಹುಡುಕಿ ಸುಸ್ತಾಗುವವರೇ ಜಾಸ್ತಿ. ಬರುವ ದಾರಿಯೊಂದನ್ನು ಬೇರೆಯಾಗಿ ದುಡ್ಡು ಕೊಟ್ಟು ತೆಗೆಯಬೇಡಿ ಅಂತ ಪ್ರಭಾಕರ ಒಂದು ಮಾತು ಸೇರಿಸಿದ. ಹಳೇ ಕಂಪನಿಗಳು ಒಂದು ಕಡೆಯ ಬಿಸಿನೆಸ್ ಟಿಕೆಟ್ಟಿಗೆ ಕೆಲವು ಸಲ ಹೋಗಿಬರುವುದಕ್ಕಿಂತ ಜಾಸ್ತಿ ಕೇಳುತ್ತವೆ. ಆದರೆ ಪಾಯಿಂಟಲ್ಲಿ ಆ ಕಾಟ ಇಲ್ಲ, ಒಂದು ಕಡೆಗೆ ಅರ್ಧ.

“ಒಂದೇ ಎಚ್ಚರಿಕೆ,” ಅಂದಳು ಶೈಲಾ. “ಫೆಬ್ರವರಿಯಲ್ಲಿ ಹಿಂದಿನಿಂದ ಗಾಳಿ ಜೋರು. 2020ರಲ್ಲಿ ಕಿಯಾರಾ ಬಿರುಗಾಳಿ ಬಂದಾಗ ಒಂದು ಬ್ರಿಟಿಷ್ ಏರ್‌ವೇಸ್ ವಿಮಾನ ನ್ಯೂಯಾರ್ಕಿನಿಂದ ಹೀತ್ರೋಗೆ 4 ಗಂಟೆ 56 ನಿಮಿಷಕ್ಕೆ ಬಂದುಬಿಟ್ಟಿತು.”

ವೆಂಕಿ ಗಾಬರಿಯಾದ. “ಅಷ್ಟು ದುಡ್ಡು ಕೊಟ್ಟು ಐದು ಗಂಟೆಯೂ ಮಲಗಬಾರದಾ? ಅದರಲ್ಲಿ ಊಟಕ್ಕೆ ಒಂದು ಗಂಟೆ ಹೋಗುತ್ತೆ!”

ಪ್ರಭಾಕರ ಲ್ಯಾಪ್‌ಟಾಪ್ ತೆರೆದು ದಿನಾಂಕ ಹಾಕಿದ. ಬರುವ ರಾತ್ರಿ ವಿಮಾನದಲ್ಲಿ ಪಾಯಿಂಟಿನ ಬಿಸಿನೆಸ್ ಸೀಟು ಇತ್ತು. ಒಂದೇ ಒಂದು.

“ತಗೋ, ತಗೋ,” ಅಂದ ವೆಂಕಿ.

“ಪಾಯಿಂಟ್ ಯಾರ ಕಾರ್ಡಲ್ಲಿದೆ?”

ಕಾರ್ಡ್ ಮಂಜುಳಾ ಅವರದ್ದು. ಮನೆಯ ಅಕ್ಕಿ ಬೇಳೆಯಿಂದ ಹಿಡಿದು ಕಾರಿನ ಪೆಟ್ರೋಲ್‌ವರೆಗೆ ಅದರಲ್ಲೇ ಉಜ್ಜಿದ್ದು. ಅವರು ಪಾಸ್‌ವರ್ಡ್ ಯಾರಿಗೂ ಹೇಳದೆ ತಾವೇ ಒತ್ತಿ, ಹೆಸರಿನ ಜಾಗದಲ್ಲಿ ತಮ್ಮ ಹೆಸರು ತುಂಬಿದರು.

“ಮತ್ತೆ ನಾನು?” ಅಂದ ವೆಂಕಿ.

“ನ್ಯೂಯಾರ್ಕಿನಿಂದ ಬೆಳಿಗ್ಗೆ ಹೊರಡೋ ವಿಮಾನವೂ ಇದೆಯಂತಲ್ಲ, ಪ್ರಭಾಕರ?”

“ಇದೆ. ಬೆಳಿಗ್ಗೆ ಹತ್ತಿದರೆ ರಾತ್ರಿ ಲಂಡನ್. ಎಕಾನಮಿಗೆ ಹೇಳಿ ಮಾಡಿಸಿದ್ದು.”

“ನೀವು ಅದರಲ್ಲಿ ಬನ್ನಿ,” ಅಂದರು ಮಂಜುಳಾ ಗಂಡನಿಗೆ. “ರಾತ್ರಿ ಮನೆ ಸೇರಿ ನಮ್ಮ ಮಂಚದ ಮೇಲೇ ಕಾಲು ಚಾಚಿ ಮಲಗಿ. ಬೆಳಿಗ್ಗೆ ಎದ್ದು ನನ್ನ ಕರಕೊಂಡು ಹೋಗೋಕೆ ಹೀತ್ರೋಗೆ ಕಾರು ತಗೊಂಡು ಬನ್ನಿ.”